ಮೀಟರ್ ತಿರುಗದ ಇಪ್ಪತ್ತೊಂದು ಮನೆ

ನಮ್ಮ ದೊಡ್ಡಪ್ಪನ ಬಲಗೈಯ ಮೂರು ಬೆರಳುಗಳು ಮಡಚುವುದಿಲ್ಲ. ಊಟಕ್ಕೆ ಕುಳಿತರೆ ಎಡಗೈಯಲ್ಲಿ ಚಮಚ ಹಿಡಿಯುತ್ತಾರೆ. ಹೊಸಬರು ಯಾರಾದರೂ ಕೇಳಿದರೆ "ಮೀಟರ್ ಮುಚ್ಚಳ ಬಿತ್ತು" ಎನ್ನುತ್ತಾರೆ. ಅದು ಸುಳ್ಳು. ಅವರು ಜೀವನದಲ್ಲಿ ಹೇಳಿದ ಸುಳ್ಳುಗಳು ಹೆಚ್ಚೇನಿಲ್ಲ. ಅವುಗಳಲ್ಲಿ ಒಂದು ಸುಳ್ಳಿನಿಂದ ಆ ಬೆರಳುಗಳೂ ಹೋದವು, ಇನ್ನೊಬ್ಬರ ಕಣ್ಣೂ ಹೋಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಣ್ಣಾರೆ ಕಂಡದ್ದು ಸ್ವಲ್ಪ. ಉಳಿದದ್ದನ್ನು ದೊಡ್ಡಪ್ಪನನ್ನೂ ದೊಡ್ಡಮ್ಮನನ್ನೂ ಬಣ್ಣದ ಗಲ್ಲಿಯವರನ್ನೂ ಕೇಳಿ ತಿಳಿದುಕೊಂಡೆ. ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದನ್ನು ಬಿಟ್ಟಿದ್ದೇನೆ.

ದೊಡ್ಡಪ್ಪ ನಗರಸಭೆಯ ನೀರಿನ ವಿಭಾಗದಲ್ಲಿ ಮೀಟರ್ ಓದುವವರು. ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ. ಬೆಳಗ್ಗೆ ಎಂಟಕ್ಕೆ ಮನೆ ಬಿಡುವಾಗ ಅವರ ಹೆಗಲ ಚೀಲದಲ್ಲಿ ನಾಲ್ಕು ಸಾಮಾನು ಇರುತ್ತಿದ್ದವು: ಮುಚ್ಚಳ ಎತ್ತಲು ಮೊಳ ಉದ್ದದ ಕಬ್ಬಿಣದ ಕೊಕ್ಕೆ, ಗಾಜು ಒರೆಸಲು ಬಟ್ಟೆ, ಟಾರ್ಚು, ಉದ್ದನೆಯ ಪುಸ್ತಕ. ಪೆನ್ಸಿಲ್ ಕಿವಿಯ ಮೇಲೆ, ಪೆನ್ನು ಜೇಬಿನಲ್ಲಿ. ಮನೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮುಚ್ಚಳ ಎತ್ತುವುದು, ಗಾಜು ಒರೆಸುವುದು, ಅಂಕಿಯನ್ನು ಜೋರಾಗಿ ಓದುವುದು, ಪೆನ್ಸಿಲಿನಲ್ಲಿ ಬರೆಯುವುದು, ಮತ್ತೆ ಬಗ್ಗಿ ನೋಡುವುದು, ಆಮೇಲೆ ಪೆನ್ನಿನಲ್ಲಿ ತಿದ್ದುವುದು. ಒಂದು ಮೀಟರನ್ನು ಎರಡು ಸಲ ನೋಡದೆ ಅವರು ಎದ್ದವರಲ್ಲ.

"ಇವರು ನನ್ನ ಮುಖ ನೋಡಿದ್ದಕ್ಕಿಂತ ಮೀಟರ್ ಮುಖ ನೋಡಿದ್ದೇ ಜಾಸ್ತಿ. ಅದನ್ನಾದ್ರೂ ಬಟ್ಟೇಲಿ ಒರೆಸಿ ನೋಡ್ತಾರೆ" ಎಂದು ದೊಡ್ಡಮ್ಮ ಹೇಳುತ್ತಿದ್ದರು.

ನೀರಿನ ಲೆಕ್ಕದ ಮೇಲೆಯೇ ಅವರು ಜನರನ್ನು ಅರಿತಿದ್ದರು. "ಮೂಲೆ ಮನೆಗೆ ನೆಂಟರು ಬಂದಿದ್ದಾರೆ", "ಟೈಲರ್ ಮಗಳು ಗಂಡನ ಮನೆಯಿಂದ ವಾಪಸ್ ಬಂದಿದ್ದಾಳೆ" ಎಂದು ಪಕ್ಕದ ಮನೆಯವರಿಗಿಂತ ಮೊದಲೇ ಹೇಳಿಬಿಡುತ್ತಿದ್ದರು. ಒಂದು ಸಲವೂ ತಪ್ಪಾಗಲಿಲ್ಲ. ಮೀಟರ್ ಮನೆಯ ಹೊರಗೆ ಇರುತ್ತದೆ. ಆದ್ದರಿಂದ ಯಾರ ಮನೆಯ ಬಾಗಿಲನ್ನೂ ತಟ್ಟುವ ಅಭ್ಯಾಸ ಅವರಿಗೆ ಇರಲಿಲ್ಲ. ಬಾಗಿಲು ತೆರೆದು ಯಾರಾದರೂ ಮಾತಿಗೆಳೆದರೆ ನಾಚಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು.

ಆ ವರ್ಷ ನಗರಸಭೆ ಚುನಾವಣೆ ಬಂತು. ಮತದಾರರ ಪಟ್ಟಿಯನ್ನು ಮನೆಮನೆಗೆ ಹೋಗಿ ಪರಿಶೀಲಿಸುವ ಕೆಲಸವನ್ನು ಮೀಟರ್ ಓದುವವರಿಗೆ ವಹಿಸಿದರು, ಅವರಿಗೆ ಎಲ್ಲ ಮನೆ ಗೊತ್ತು ಎಂದು. ನಿಯಮ ಹೀಗಿತ್ತು: ಮನೆಯಲ್ಲಿ ಯಾರೂ ಸಿಗದಿದ್ದರೆ ಬೇರೆ ಬೇರೆ ದಿನ ಮೂರು ಸಲ ಹೋಗಬೇಕು, ನೆರೆಯವರನ್ನು ಕೇಳಬೇಕು. ಆಮೇಲಷ್ಟೇ ಹೆಸರಿನ ಮುಂದೆ ‘ವಾಸವಿಲ್ಲ’ ಎಂದು ಬರೆದು, ಹೋದ ಮೂರು ತಾರೀಕು ಹಾಕಿ, ‘ಖುದ್ದಾಗಿ ನೋಡಿದ್ದೇನೆ’ ಎಂಬ ಸಾಲಿನ ಕೆಳಗೆ ಸಹಿ ಮಾಡಬೇಕು.

ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ದೊಡ್ಡಪ್ಪ ನಿಯಮ ಪಾಲಿಸಿದರು. ನಾಚಿಕೆ ಬಿಟ್ಟು ಬಾಗಿಲು ತಟ್ಟಿದರು. ಪಾಲಿಸದೆ ಹೋದದ್ದು ಬಣ್ಣದ ಗಲ್ಲಿಯಲ್ಲಿ.

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂದೆ ಸಾಲಾಗಿ ಇಪ್ಪತ್ತೊಂದು ಮನೆ. ಹಳೆಯ ಮೀಟರ್ ಓದುವವನು ನಿವೃತ್ತನಾದ ಮೇಲೆ ಆ ಗಲ್ಲಿ ಅದೇ ತಿಂಗಳು ದೊಡ್ಡಪ್ಪನ ಪಾಲಿಗೆ ಬಂದಿತ್ತು. ಅವರು ಹೋದಾಗ ಬೆಳಗ್ಗೆ ಹನ್ನೊಂದು ಗಂಟೆ. ಹದಿನೈದು ಮನೆಗೆ ಬೀಗ, ಉಳಿದ ಆರರ ಬಾಗಿಲು ಮುಚ್ಚಿತ್ತು. ಹಗ್ಗದ ಮೇಲೆ ನೀಲಿ ನೂಲು ಒಣಗುತ್ತಿತ್ತು. ಅದು ಕಾರ್ಖಾನೆಯದ್ದು ಎಂದುಕೊಂಡರು. ಅಭ್ಯಾಸದಂತೆ ಕೊಕ್ಕೆ ಹಾಕಿ ಮುಚ್ಚಳ ಎತ್ತಿದರು. ಪುಸ್ತಕದಲ್ಲಿ ಎರಡು ತಿಂಗಳಿಗೊಂದರಂತೆ ಹಿಂದಿನ ನಾಲ್ಕು ಓದಿಗೆ ಇದ್ದ ಅಂಕಿಯೇ ಗಾಜಿನೊಳಗೂ ಇತ್ತು. ಎರಡನೇ ಮನೆಯಲ್ಲೂ ಹಾಗೇ. ಇಪ್ಪತ್ತೊಂದೂ ಹಾಗೇ. ಎಂಟು ತಿಂಗಳಿಂದ ಒಂದು ಹನಿ ಹರಿದಿರಲಿಲ್ಲ.

ಕಾರ್ಖಾನೆಯವರು ಆಳುಗಳನ್ನು ಕಡಿಮೆ ಮಾಡಿದ್ದಾರೆ ಎಂಬ ಸುದ್ದಿ ಕೇಳಿದ್ದರು. ಎಲ್ಲರೂ ಖಾಲಿ ಮಾಡಿಕೊಂಡು ಹೋಗಿದ್ದಾರೆ ಎಂದು ತೀರ್ಮಾನಿಸಿದರು. "ಇನ್ನೆರಡು ಸಲ ಬಂದ್ರೂ ಮೀಟರ್ ಇದನ್ನೇ ತಾನೆ ಹೇಳೋದು ಅಂದ್ಕೊಂಡೆ" ಎಂದು ಆಮೇಲೆ ಹೇಳಿದರು. ಮುಚ್ಚಿದ ಆರು ಬಾಗಿಲುಗಳನ್ನೂ ತಟ್ಟಲಿಲ್ಲ. ಅರವತ್ತಮೂರು ಹೆಸರುಗಳ ಮುಂದೆ ‘ವಾಸವಿಲ್ಲ’ ಎಂದು ಬರೆದರು. ಹೋಗದ ಎರಡು ತಾರೀಕುಗಳನ್ನು ಹೋದ ತಾರೀಕಿನ ಪಕ್ಕದಲ್ಲಿ ಬರೆದು ಸಹಿ ಹಾಕಿದರು.

ಆ ಗಲ್ಲಿಯ ಬಾಯಲ್ಲಿ ರಸ್ತೆ ಹಾಕಿಸಿದವನು ಆ ವಾರ್ಡಿನ ಸದಸ್ಯನೇ. ಅವನು ಕಂಟ್ರಾಕ್ಟರ್ ಕೂಡ ಹೌದು. ಅವನ ರೋಲರ್ ಹತ್ತಿ ನೀರಿನ ಪೈಪು ಒಡೆದು ಎಂಟು ತಿಂಗಳಾಗಿತ್ತು. ಗಲ್ಲಿಯವರು ಒಂಬತ್ತು ಅರ್ಜಿ ಕೊಟ್ಟಿದ್ದರು. ಅವು ರಿಪೇರಿ ವಿಭಾಗದ ಕಪಾಟಿನಲ್ಲಿದ್ದವು. ಮೀಟರ್ ಓದುವವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಜನ ಕಾರ್ಖಾನೆಯ ನಲ್ಲಿಯಿಂದ ಕ್ಯಾನಿನಲ್ಲಿ ನೀರು ಹೊತ್ತು ತರುತ್ತಿದ್ದರು. ಈ ಸಲ ಕಂಟ್ರಾಕ್ಟರನನ್ನು ಸೋಲಿಸಲೇಬೇಕೆಂದು ಕಾದಿದ್ದರು. ಪಟ್ಟಿಯನ್ನೇನೋ ನಗರಸಭೆಯ ಗೋಡೆಗೆ ಹತ್ತರಿಂದ ಐದರವರೆಗೆ ನೇತುಹಾಕಿದ್ದರು. ಗಲ್ಲಿಯವರ ಪಾಳಿ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ.

ಮತದಾನದ ದಿನ ಶಾಲೆಯೊಂದರ ಕೋಣೆಯ ಬಾಗಿಲಲ್ಲಿ ದೊಡ್ಡಪ್ಪ ಪಟ್ಟಿ ಹಿಡಿದು ಕುಳಿತಿದ್ದರು. ಬಂದವರಿಗೆ ಕ್ರಮಸಂಖ್ಯೆ ಹುಡುಕಿಕೊಡುವುದು ಅವರ ಕೆಲಸ. ಮಧ್ಯಾಹ್ನ ಎರಡಕ್ಕೆ ಕಾರ್ಖಾನೆ ಬಿಟ್ಟಿತು. ಗಲ್ಲಿಯವರು ಸ್ನಾನ ಮಾಡಿ, ತಲೆ ಬಾಚಿ, ಒಟ್ಟಾಗಿ ಬಂದರು. ಸ್ನಾನ ಮಾಡಿದರೂ ಕೈಗಳು ಮೊಣಕೈವರೆಗೆ ನೀಲಿ. ಮುಂದೆ ಇದ್ದವಳು ಬಣ್ಣದ ತೊಟ್ಟಿಯ ಮೇಸ್ತ್ರಿ, ನಲವತ್ತರ ಹೆಂಗಸು. ಎಲ್ಲರೂ ಅವಳನ್ನು ಮೇಸ್ತ್ರಕ್ಕ ಎನ್ನುತ್ತಾರೆ.

"ಅಣ್ಣಾ, ನಮ್ಮ ನಂಬರ್ ಹೇಳಿ. ಬಣ್ಣದ ಗಲ್ಲಿ, ಏಳನೇ ಮನೆ."

ದೊಡ್ಡಪ್ಪ ಹಾಳೆ ತಿರುಗಿಸಿದರು. ಹೆಸರಿನ ಮೇಲೆ ಕೆಂಪು ಗೆರೆ ಇತ್ತು. ಗೆರೆಯ ಪಕ್ಕದಲ್ಲಿ ಅವರದ್ದೇ ಅಕ್ಷರ.

"ಇಲ್ಲಮ್ಮ."

"ಇಲ್ಲ ಅಂದ್ರೆ?"

"ವಾಸವಿಲ್ಲ ಅಂತಿದೆ."

"ಯಾರು, ನಾನಾ? ಹಾಗಾದ್ರೆ ಏಳನೇ ಮನೇಲಿ ನನ್ನ ಗಂಡನ ಜೊತೆ ಇಷ್ಟು ದಿನ ವಾಸವಾಗಿರೋಳು ಯಾರು? ಹೇಳಿ, ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಅವಳ ಹಿಂದೆ ಅವಳ ತಮ್ಮ ಬಂದ. ಅವನ ಹೆಸರೂ ಇರಲಿಲ್ಲ. ಆಮೇಲೆ ಮೂರನೇ ಮನೆಯವರು, ಹತ್ತನೇ ಮನೆಯವರು. ಹತ್ತನೆಯವರ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

"ಮೀಟರ್ ತಿರುಗಿರ್ಲಿಲ್ಲ" ಎಂದು ದೊಡ್ಡಪ್ಪ ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು.

ಮೇಸ್ತ್ರಕ್ಕನಿಗೆ ಅದು ಕೇಳಿಸಿತು. "ಏನಂದ್ರಿ? ನೀರೇ ಬರದಿದ್ರೆ ಮೀಟರೇನು ಗಾಳಿಗೆ ತಿರುಗತ್ತಾ?"

ಆ ಕ್ಷಣಕ್ಕೆ ತಮಗೆ ಎಲ್ಲ ತಿಳಿಯಿತು ಎಂದು ದೊಡ್ಡಪ್ಪ ಹೇಳುತ್ತಾರೆ. ತಿಳಿದ ಮೇಲೂ ಅವರು ಎದ್ದು ನಿಂತು ತಪ್ಪು ತಮ್ಮದು ಎನ್ನಲಿಲ್ಲ. ಮುಂದಿನ ಹಾಳೆ ತಿರುಗಿಸಿದರು.

ಕಂಟ್ರಾಕ್ಟರನ ಏಜೆಂಟ್ ಆಗಿ ಅಲ್ಲಿ ಕುಳಿತಿದ್ದವನನ್ನು ಊರೆಲ್ಲ ಗೂಳಿ ಎನ್ನುತ್ತದೆ. ಕುತ್ತಿಗೆ ಕಾಣದಷ್ಟು ದಪ್ಪ. ಅವನು ಎದ್ದು ಮೇಸ್ತ್ರಕ್ಕನ ಕೈ ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದ. "ನೋಡ್ರಪ್ಪಾ, ಬೆರಳಿಗೆಲ್ಲ ಮೊದಲೇ ಶಾಯಿ! ಎಲ್ಲೆಲ್ಲಿ ಎಷ್ಟು ಸಲ ಹಾಕ್ಬಂದಿದಾರೋ ಇವರು."

"ಅಕ್ಕನ ಕೈ ಬಿಡೋ" ಎಂದ ತಮ್ಮ.

"ಬಿಡದಿದ್ರೆ? ನಿನಗೂ ಮೈಯೆಲ್ಲಾ ಶಾಯಿ ಹಚ್ಲಾ?"

ತಮ್ಮ ಅವನ ಮೂಗಿಗೆ ಗುದ್ದಿದ. ಗೂಳಿ ಬೆಂಚಿನ ಮೇಲೆ ಬಿದ್ದ. ಬೆಂಚು ಮುರಿಯಿತು. ಪೊಲೀಸರು ಲಾಠಿ ಬೀಸುತ್ತ ಒಳಗೆ ಬಂದು ನೀಲಿ ಕೈ ಕಂಡವರಿಗೆಲ್ಲ ಹೊಡೆದರು. ಒಬ್ಬ ಮುದುಕನ ಕಾಲರ್ ಮೂಳೆ ಮುರಿಯಿತು. ಒಬ್ಬಳನ್ನು ಕೂದಲು ಹಿಡಿದು ಮೆಟ್ಟಿಲ ಮೇಲೆ ಎಳೆದರು. ಅಷ್ಟರಲ್ಲಿ ಗೇಟಿನ ಹೊರಗೆ ನಿಂತಿದ್ದ ವ್ಯಾನಿನಿಂದ ಕಂಟ್ರಾಕ್ಟರನ ಹುಡುಗರು ಗುದ್ದಲಿ ಕಾವು ಹಿಡಿದು ಇಳಿದರು. ಶಾಲೆಯ ಅಂಗಳದಲ್ಲಿ ಅವರಿಗೆ ಮೇಸ್ತ್ರಕ್ಕನ ತಮ್ಮ ಒಬ್ಬನೇ ಸಿಕ್ಕಿದ. ನಾಲ್ಕು ಜನ ಸುತ್ತುವರಿದರು. ಬಿದ್ದ ಮೇಲೂ ಹೊಡೆದರು. ಕಾವಿನ ತುದಿ ಅವನ ಬಲಗಣ್ಣಿಗೆ ಬಿತ್ತು. ಅವನು ಎರಡೂ ನೀಲಿ ಅಂಗೈಗಳಲ್ಲಿ ಕಣ್ಣು ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ರಕ್ತ ಬಂತು.

ದೊಡ್ಡಪ್ಪ ಕಿಟಕಿಯಿಂದ ನೋಡಿದರು. ಪಟ್ಟಿ ಹರಿಯಬಾರದೆಂದು ಅದನ್ನು ಎದೆಗೆ ಅವಚಿಕೊಂಡು ಕುಳಿತೇ ಇದ್ದರು. ಇದನ್ನು ಬರೆಯಲೇಬೇಕು ಎಂದು ಅವರೇ ನನಗೆ ಹೇಳಿದ್ದಾರೆ.

ಮರುದಿನ ಎಣಿಕೆಯಾಯಿತು. ಕಂಟ್ರಾಕ್ಟರ್ ಹತ್ತೊಂಬತ್ತು ಮತಗಳಿಂದ ಮುಂದೆ. ಅವನ ಎದುರು ನಿಂತಿದ್ದ ನಿವೃತ್ತ ಟೀಚರಮ್ಮ ತಕರಾರು ಕೊಟ್ಟರು: ಅರವತ್ತಮೂರು ಜನರನ್ನು ಹೊರಗಿಟ್ಟು ಹತ್ತೊಂಬತ್ತರ ಗೆಲುವು ಹೇಗೆ ಎಂದು. ಹೊರ ಊರಿನಿಂದ ಬಂದಿದ್ದ ಚುನಾವಣಾಧಿಕಾರಿ ಮೇಡಂ ಗೆಲುವಿನ ಪ್ರಮಾಣಪತ್ರವನ್ನು ಗುರುವಾರದವರೆಗೆ ತಡೆದರು. ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಪಟ್ಟಿ ಪರಿಶೀಲಿಸಿದವರು ಎದುರಿಗೆ ಬಂದು ತಾವು ನೋಡಿದ್ದು ನಿಜವೋ ಅಲ್ಲವೋ ಬರೆದುಕೊಡಬೇಕು. ಬಾರದಿದ್ದರೆ ಹಳೆಯ ಸಹಿಯೇ ನಿಜ, ಪ್ರಮಾಣಪತ್ರ ಕಂಟ್ರಾಕ್ಟರನಿಗೆ.

ಮಂಗಳವಾರ ಸಂಜೆ ಕಂಟ್ರಾಕ್ಟರ್ ನಮ್ಮ ಮನೆಗೆ ಬಂದ. ಅದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಅವನು ಕುರ್ಚಿಯಲ್ಲಿ ಕುಳಿತ. ಮೂಗಿಗೆ ಪಟ್ಟಿ ಹಾಕಿಕೊಂಡ ಗೂಳಿ ನಿಂತೇ ಇದ್ದ.

"ಅಕ್ಕ, ಒಂದು ಲೋಟ ನೀರು ಕೊಡಿ" ಎಂದು ಕಂಟ್ರಾಕ್ಟರ್ ದೊಡ್ಡಮ್ಮನನ್ನು ಕೇಳಿದ. ಕುಡಿದು ಲೋಟ ಕೆಳಗಿಟ್ಟ. "ಯಜಮಾನ್ರೇ, ನಾವೇನು ಹೊಸ ಸುಳ್ಳು ಹೇಳಿ ಅಂತಿಲ್ಲ. ಬರೆದದ್ದನ್ನೇ ಇನ್ನೊಂದ್ಸಲ ಬರೀರಿ. ಇಲ್ಲ, ಜ್ವರ ಅಂತ ಮಲಗಿಬಿಡಿ. ಅದೂ ಆಗತ್ತೆ."

ದೊಡ್ಡಪ್ಪ ಖಾಲಿ ಲೋಟವನ್ನು ಎತ್ತಿ ಕಿಟಕಿಯ ಮೇಲಿಟ್ಟರು.

"ಸಾಹೇಬ್ರು ಮಾತಾಡ್ತಿದಾರೆ" ಎಂದ ಗೂಳಿ. ಗೋಡೆಯ ಮೊಳೆಗೆ ತೂಗುಹಾಕಿದ್ದ ಕೊಕ್ಕೆ ತೆಗೆದು ದೊಡ್ಡಮ್ಮನ ಹೊಲಿಗೆ ಯಂತ್ರದ ಮೇಲೆ ಹೊಡೆದ. ಚಕ್ರ ತುಂಡಾಗಿ ಉರುಳಿಕೊಂಡು ನನ್ನ ಕಾಲ ಬಳಿ ಬಂತು. ಇನ್ನೊಂದು ಏಟಿಗೆ ಕನ್ನಡಿ ಒಡೆಯಿತು. ಆಮೇಲೆ ದೊಡ್ಡಪ್ಪನ ಕೆನ್ನೆಗೆ ಬಾರಿಸಿದ. ಐವತ್ತೇಳು ವರ್ಷದ ಮನುಷ್ಯ, ಕನ್ನಡಕ ಹಾರಿ ಮಂಚದ ಕೆಳಗೆ ಹೋಯಿತು.

"ಜ್ವರಕ್ಕೆ ಇಷ್ಟು ಸಾಕಾ, ಇನ್ನೂ ಬೇಕಾ?"

ಅವರು ಹೋದ ಮೇಲೆ ದೊಡ್ಡಮ್ಮ ಮಂಡಿಯೂರಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಕೆಲಸ ಹೋಗತ್ತೆ, ಜೈಲೂ ಆಗಬಹುದು. ಗೊತ್ತಿದೆಯಲ್ಲ?"

"ಗೊತ್ತು."

"ಆ ಹುಡುಗನ ಕಣ್ಣು ಹೋಯ್ತಂತೆ."

"ಗೊತ್ತು ಕಣೆ."

"ಮತ್ತೆ ನನ್ನ ಮುಖ ಏನು ನೋಡ್ತೀರಿ? ನಂದು ಮೀಟರ್ ಅಲ್ಲ."

ಬುಧವಾರ ಬೆಳಗ್ಗೆ ಏಳಕ್ಕೆ ದೊಡ್ಡಪ್ಪ ಹೊಸ ನೋಟ್ ಪುಸ್ತಕ, ಪೆನ್ಸಿಲ್, ಪೆನ್ನು, ಒರೆಸುವ ಬಟ್ಟೆ ತೆಗೆದುಕೊಂಡು ಬಣ್ಣದ ಗಲ್ಲಿಗೆ ಹೋದರು. ಶಾಲೆಯಲ್ಲಿ ನಡೆದ ಹೊಡೆದಾಟದ ಮೇಲೆ ಕಾರ್ಖಾನೆಯವರು ಕೆಲಸ ನಿಲ್ಲಿಸಿದ್ದರಿಂದ ಎಲ್ಲರೂ ಮನೆಯಲ್ಲಿದ್ದರು. ಮೊದಲನೇ ಮನೆಯ ಬಾಗಿಲು ತಟ್ಟಿದರು.

"ಇಲ್ಲಿ ಯಾರ್ಯಾರು ವಾಸವಿದ್ದೀರಿ? ಹೆಸರು ಹೇಳಿ. ಬರ್ಕೊಳ್ಳೋಕೆ ಬಂದಿದೀನಿ."

ಬಾಗಿಲು ತೆರೆದವನು ಅವರ ಮುಖ ನೋಡಿದ, ಪುಸ್ತಕ ನೋಡಿದ. "ಏ, ಬನ್ರೋ! ನಮ್ಮನ್ನ ಸಾಯಿಸಿದೋನು ತಿಥಿ ಲೆಕ್ಕಕ್ಕೆ ಬಂದಿದಾನೆ!"

ಹತ್ತಾರು ಜನ ಹೊರಗೆ ಬಂದರು. ಯಾರೋ ಹಿಂದಿನಿಂದ ಒದ್ದರು. ದೊಡ್ಡಪ್ಪ ಮೀಟರಿನ ಮುಚ್ಚಳದ ಮೇಲೆ ಬಿದ್ದರು. ನೀರಿನ ಕ್ಯಾನು ತಲೆಗೆ ಬಿತ್ತು. ಹೆಂಗಸರು ಚಪ್ಪಲಿಯಲ್ಲಿ ಹೊಡೆದರು. "ಎಷ್ಟು ತಿಂದೆ? ಅರವತ್ತಮೂರು ತಲೆಗೆ ಎಷ್ಟು ಕೊಟ್ಟ ಅವನು?" ಎಂದು ಕೇಳುತ್ತ ಒಬ್ಬ ಪಕ್ಕೆಗೆ ಒದೆಯುತ್ತಲೇ ಇದ್ದ. ಪಕ್ಕೆಯ ಎರಡು ಮೂಳೆ ಬಿರುಕುಬಿಟ್ಟದ್ದು ಆಗಲೇ.

"ಏನೂ ತಿಂದಿಲ್ಲ. ತಟ್ಟಲಿಲ್ಲ. ಬಾಗಿಲು ತಟ್ಟಲಿಲ್ಲ ನಾನು" ಎಂದರು ದೊಡ್ಡಪ್ಪ. ಅವರ ಬಾಯಲ್ಲಿ ರಕ್ತವಿತ್ತು. "ನಾಳೆ ಹನ್ನೆರಡಕ್ಕೆ ಮೇಡಂ ಮುಂದೆ ಹೇಳ್ಬೇಕು. ಹೆಸರು ಬೇಕು. ಹೆಸರು ಹೇಳಿ, ಆಮೇಲೆ ಹೊಡೀರಿ."

ಮೇಸ್ತ್ರಕ್ಕ ಏಳನೇ ಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಬೇಗ ತಡೆಯಲಿಲ್ಲ. ಅವಳೇ ನನಗೆ ಹಾಗೆ ಹೇಳಿದಳು: ನಾಲ್ಕು ಬಿದ್ದರೆ ಬೀಳಲಿ ಅಂದ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ಕೊನೆಗೆ ಬಂದು ಒದೆಯುತ್ತಿದ್ದವನನ್ನು ತಳ್ಳಿದಳು.

"ಸಾಕು. ಸತ್ತರೆ ಬರೆಯೋರು ಯಾರು, ನಿಮ್ಮಪ್ಪನಾ?"

ದೊಡ್ಡಪ್ಪ ಗೋಡೆ ಹಿಡಿದು ಎದ್ದರು. ತುಟಿಯ ರಕ್ತವನ್ನು ಗಾಜು ಒರೆಸುವ ಬಟ್ಟೆಯಲ್ಲಿ ಒತ್ತಿಕೊಂಡರು. ಮತ್ತೆ ಮೊದಲನೇ ಮನೆಗೇ ಹೋಗಿ, ಬಾಗಿಲು ತೆರೆದೇ ಇದ್ದರೂ ತಟ್ಟಿದರು. ಹೆಸರು, ವಯಸ್ಸು, ಎಷ್ಟು ವರ್ಷದಿಂದ ವಾಸ. ಬರೆದದ್ದನ್ನು ಜೋರಾಗಿ ಓದಿ ಹೇಳಿದರು. ಅವರು ಹೌದೆಂದ ಮೇಲೆ ಪೆನ್ನಿನಲ್ಲಿ ತಿದ್ದಿದರು. ಹೀಗೆ ಇಪ್ಪತ್ತೊಂದು ಮನೆ. ಒಂದು ಮನೆಯವರು ಹೆಸರು ಹೇಳಿ ಮುಖಕ್ಕೆ ಉಗಿದರು. ಅದನ್ನೂ ಅದೇ ಬಟ್ಟೆಯಲ್ಲಿ ಒರೆಸಿಕೊಂಡರು.

ಏಳನೇ ಮನೆಯಲ್ಲಿ ಮೇಸ್ತ್ರಕ್ಕನ ತಮ್ಮ ಚಾಪೆಯ ಮೇಲೆ ಮಲಗಿದ್ದ. ಅರ್ಧ ಮುಖಕ್ಕೆ ಬ್ಯಾಂಡೇಜು.

"ನಿಮ್ಮ ಹೆಸರು?"

"ಹೇಳಲ್ಲ."

"ನಾನು ಹೇಳ್ತೀನಿ, ಬರ್ಕೊಳ್ಳಿ" ಎಂದಳು ಅಕ್ಕ.

"ಇಲ್ಲಮ್ಮ. ಅವರೇ ಹೇಳ್ಬೇಕು. ಈ ಸಲ ಹಾಗೇ."

ತಮ್ಮ ಇನ್ನೊಂದು ಕಣ್ಣಿನಿಂದ ನೋಡಿದ. "ಒಂದ್ಸಲ ನಿನ್ನ ಕೈಯಲ್ಲಿ ನನ್ನ ಹೆಸರು ಇತ್ತಲ್ಲ. ಏನಾಯ್ತು ನೋಡು. ಮತ್ತೆ ಕೊಡಲ್ಲ. ನಡಿ ಆಚೆಗೆ."

ಪುಸ್ತಕದಲ್ಲಿ ಅರವತ್ತೆರಡು ಹೆಸರಾಯಿತು. ಏಳನೇ ಮನೆಯ ಮುಂದೆ ಒಂದು ಸಾಲು ಖಾಲಿ ಉಳಿಯಿತು.

ಗಲ್ಲಿಗೆ ಹೋದ ಸುದ್ದಿ ಕಂಟ್ರಾಕ್ಟರನಿಗೆ ಮುಟ್ಟದೇ ಇರುತ್ತದೆಯೇ? ಗುರುವಾರ ಹನ್ನೊಂದೂವರೆಗೆ ದೊಡ್ಡಪ್ಪ ನಗರಸಭೆ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದರು. ಮೇಡಂ ಕೋಣೆ ಮೂರನೇ ಮಹಡಿಯಲ್ಲಿ. ಎರಡನೇ ಮಹಡಿಯ ತಿರುವಿನಲ್ಲಿ ಗೂಳಿ ಮತ್ತು ಇನ್ನಿಬ್ಬರು ಕಾದಿದ್ದರು.

"ಜ್ವರ ಬರ್ಲಿಲ್ವಾ ಯಜಮಾನ್ರೇ?"

ಇಬ್ಬರು ಅವರ ತೋಳು ಹಿಡಿದು ಬಲಗೈಯನ್ನು ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಯ ಮೇಲೆ ಚಾಚಿದರು. ಗೂಳಿ ಲಾರಿಯ ಚಕ್ರ ಬಿಚ್ಚುವ ಸ್ಪ್ಯಾನರನ್ನು ಹೊರತೆಗೆದ. "ಸಹಿ ಮಾಡೋ ಕೈ ಇದೇ ತಾನೆ?"

ಮೂರು ಏಟು. ಮೊದಲನೆಯದಕ್ಕೆ ದೊಡ್ಡಪ್ಪ ಕೂಗಿದರು. ಎರಡನೆಯದಕ್ಕೆ ಉಸಿರೇ ಹೊರಡಲಿಲ್ಲ. ಮೂರನೆಯದು ನೆನಪಿಲ್ಲ ಎನ್ನುತ್ತಾರೆ. ಮೇಲಿನ ಮಹಡಿಯ ಟೈಪಿಸ್ಟ್ ಬಗ್ಗಿ ನೋಡಿ ಬಾಗಿಲು ಹಾಕಿಕೊಂಡಳು. ಕೆಳಗೆ ಅಂಗಳದಲ್ಲಿ ಗಲ್ಲಿಯವರು ನಿಂತಿದ್ದರು. ಕೂಗು ಕೇಳಿ ಓಡಿ ಹತ್ತಿದರು. ಗೂಳಿ ಸ್ಪ್ಯಾನರ್ ಬೀಸಿ ಒಬ್ಬನ ಹಲ್ಲು ಉದುರಿಸಿದ. ಆಮೇಲೆ ಅವನ ಮೇಲೆ ಏಳೆಂಟು ಜನ ಬಿದ್ದರು. ಅವನು ಒಂದು ಮಹಡಿಯಷ್ಟು ಮೆಟ್ಟಿಲು ಉರುಳಿ ಹೋದ. ಕೆಳಗೆ ಬಿದ್ದಾಗ ಅವನ ಒಂದು ಕಾಲು ಹಿಂದುಮುಂದಾಗಿ ತಿರುಗಿತ್ತು.

ದೊಡ್ಡಪ್ಪನನ್ನು ಎತ್ತಲು ಯಾರಿಗೂ ಪುರುಸೊತ್ತಿರಲಿಲ್ಲ. ಅವರು ನೋಟ್ ಪುಸ್ತಕವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಡಗೈಯಿಂದ ಗೋಡೆ ಹಿಡಿದು, ಉಳಿದ ಮೆಟ್ಟಿಲು ಹತ್ತಿದರು. ಮೇಡಂ ಕೋಣೆಗೆ ಬಂದಾಗ ಗಡಿಯಾರದಲ್ಲಿ ಹನ್ನೆರಡಕ್ಕೆ ಎಂಟು ನಿಮಿಷ ಇತ್ತು. ಕಂಟ್ರಾಕ್ಟರ್, ಅವನ ವಕೀಲ, ಟೀಚರಮ್ಮ ಕುಳಿತಿದ್ದರು. ಟೈಪು ಮಾಡಿದ ಪ್ರಮಾಣಪತ್ರ ಮೇಜಿನ ಮೇಲಿತ್ತು. ಸಹಿ ಮಾತ್ರ ಬಾಕಿ.

ದೊಡ್ಡಪ್ಪ ಬಾಯಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

ಮೇಡಂ ಎದ್ದು ನಿಂತರು. "ಯಾರು ಹೊಡೆದದ್ದು? ಮೊದಲು ಆಸ್ಪತ್ರೆಗೆ ಹೋಗಿ."

"ಹೇಳಿ ಹೋಗ್ತೀನಿ ಮೇಡಂ. ಹನ್ನೆರಡಾಗತ್ತೆ." ಮೂರು ಸಾಲು ಹೇಳಿದರು: "ಬಣ್ಣದ ಗಲ್ಲಿಗೆ ಒಂದೇ ಸಲ ಹೋಗಿದ್ದೆ. ಮೀಟರ್ ನೋಡಿದೆ, ಬಾಗಿಲು ತಟ್ಟಲಿಲ್ಲ. ಇನ್ನೆರಡು ತಾರೀಕು ನಾನೇ ಸುಳ್ಳು ಬರೆದೆ."

"ಇದನ್ನ ಬರೆದುಕೊಟ್ರೆ ಕೇಸು ನಿಮ್ಮ ಮೇಲೇ ಆಗತ್ತೆ. ತಿಳೀತಾ?"

"ತಿಳೀತು."

ಮೇಡಂ ತಾವೇ ಬರೆದು, ಓದಿ ಹೇಳಿ, ಕಾಗದ ಮುಂದಿಟ್ಟರು. ದೊಡ್ಡಪ್ಪ ಎಡಗೈಯಲ್ಲಿ ಸಹಿ ಮಾಡಿದರು. ಅದು ಕೋಳಿ ಕೆದರಿದಂತೆ ಬಂತು.

"ಈ ಸಹಿ ಹಳೇ ಸಹಿಗೆ ಹೋಲಲ್ಲ, ಒಪ್ಪೋ ಹಾಗಿಲ್ಲ" ಎಂದು ವಕೀಲ ಎದ್ದ.

"ಹೆಬ್ಬೆಟ್ಟು ತಗೋತೀನಿ."

"ಓದು ಬರಹ ಬಲ್ಲವರು ಹೆಬ್ಬೆಟ್ಟು ಒತ್ತೋದು ಹೇಗೆ ಮೇಡಂ?"

"ಅವರ ಕೈ ನೋಡಿ ವಕೀಲ್ರೇ. ಅದರಲ್ಲಿ ಬರಹ ಏನಾದ್ರೂ ಉಳಿದಿದ್ರೆ ನೀವೇ ತೋರಿಸಿ."

ವಕೀಲ ಕುಳಿತ. ದೊಡ್ಡಪ್ಪ ಎಡಗೈ ಹೆಬ್ಬೆಟ್ಟು ಒತ್ತಿದರು. ಟೀಚರಮ್ಮ ಮತ್ತು ಆಫೀಸಿನ ಜವಾನ ಸಾಕ್ಷಿ ಹಾಕಿದರು. ಮೇಡಂ ಪ್ರಮಾಣಪತ್ರದ ಮೇಲೆ ಅಡ್ಡಲಾಗಿ ‘ರದ್ದು’ ಎಂದು ಬರೆದರು. ಕಂಟ್ರಾಕ್ಟರ್ ಮೇಜು ದಾಟಿ ಬಂದು ಅದನ್ನು ಕಿತ್ತುಕೊಳ್ಳಲು ನೋಡಿದ. ಸಿಗದಾಗ ದೊಡ್ಡಪ್ಪನ ಕುರ್ಚಿಗೆ ಒದ್ದ. ಅವರು ಮುರಿದ ಕೈಯ ಮೇಲೆಯೇ ಬಿದ್ದು ಎಚ್ಚರ ತಪ್ಪಿದರು. ಅವನನ್ನು ಆ ಕೋಣೆಯಿಂದ ಪೊಲೀಸರು ಎಳೆದುಕೊಂಡು ಹೋಗಬೇಕಾಯಿತು.

ಆ ವಾರ್ಡಿಗೆ ಮತ್ತೆ ಮತದಾನ ಎಂದು ಆದೇಶವಾಯಿತು. ದೊಡ್ಡಪ್ಪನಿಗೆ ಹನ್ನೊಂದು ದಿನ ಆಸ್ಪತ್ರೆ. ಅಲ್ಲಿಗೇ ಅಮಾನತಿನ ಕಾಗದ ಬಂತು, ಆಮೇಲೆ ಕೇಸಿನ ಕಾಗದ. ಒಂದು ಮಧ್ಯಾಹ್ನ ಯಾರೋ ನಮ್ಮ ಮನೆಗೆ ಕಲ್ಲು ಹೊಡೆದು ಹೋದರು. ಯಾವ ಕಡೆಯವರು ಎಂದು ಇವತ್ತಿಗೂ ಗೊತ್ತಿಲ್ಲ. "ಎರಡೂ ಕಡೆಯವರು ಒಬ್ಬ ಗಂಡನನ್ನೇ ಹೊಡೆದ್ರೆ ನಾನು ಯಾವ ಕಡೆಗೆ ಶಾಪ ಹಾಕ್ಲಿ?" ಎಂದು ದೊಡ್ಡಮ್ಮ ಗಾಜು ಗುಡಿಸುತ್ತ ಕೇಳಿದರು.

ಗಲ್ಲಿಯ ಪಟ್ಟಿ ಸರಿಮಾಡಲು ಈ ಸಲ ಬೇರೊಬ್ಬರನ್ನು ಕಳಿಸಿದರು, ಅಂಚೆ ಕಚೇರಿಯ ಒಬ್ಬ ಹೆಂಗಸನ್ನು. ಆಕೆ ಬಾಗಿಲು ತಟ್ಟಿದಳು. ಮೇಸ್ತ್ರಕ್ಕನ ತಮ್ಮ ಆಕೆಗೆ ಹೆಸರು ಕೊಟ್ಟ. ಅರವತ್ತಮೂರೂ ಸೇರಿದವು. ಪೈಪನ್ನೂ ಸರಿಮಾಡಿದರು. ಏಳನೇ ಮನೆಯ ಮೀಟರ್ ತಿರುಗುತ್ತಿದೆಯಂತೆ ಎಂದು ಯಾರೋ ಹೇಳಿದಾಗ ದೊಡ್ಡಪ್ಪ "ಅಂಕಿ ಎಷ್ಟು?" ಎಂದು ಕೇಳಿದರು. ಹೇಳಿದವನಿಗೆ ಗೊತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಅದೇ ಶಾಲೆಯಲ್ಲಿ ಮತದಾನ. ಕಂಟ್ರಾಕ್ಟರ್ ಇಪ್ಪತ್ತೆರಡು ಮತಗಳಿಂದ ಸೋತ. ಅದು ಮರುದಿನ ತಿಳಿದದ್ದು. ನಾನು ಹೇಳಬೇಕೆಂದಿರುವುದು ಆ ಬೆಳಗ್ಗೆಯದು. ನಾನು ದೊಡ್ಡಮ್ಮನ ಜೊತೆ ಗೇಟಿನ ಬಳಿ ನಿಂತಿದ್ದೆ.

ದೊಡ್ಡಪ್ಪನೂ ಆ ವಾರ್ಡಿನ ಮತದಾರರೇ. ಬಲಗೈಗೆ ಪ್ಲಾಸ್ಟರ್ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದರು. ಅವರ ಮುಂದೆ ಇದ್ದವರೆಲ್ಲ ಬಣ್ಣದ ಗಲ್ಲಿಯವರು. ಬೆರಳಿಗೆ ಮೊದಲೇ ಶಾಯಿ ಇದೆ ಎಂದು ಮತ್ತೆ ಯಾರೂ ಹೇಳಬಾರದೆಂದು ಅವರೆಲ್ಲ ಎಡಗೈಯ ತೋರುಬೆರಳೊಂದನ್ನು ಬ್ಲೀಚಿಂಗ್ ಪುಡಿ ಹಾಕಿ ಕಲ್ಲಿನಲ್ಲಿ ಉಜ್ಜಿಕೊಂಡು ಬಂದಿದ್ದರು. ನೀಲಿ ಕೈಯಲ್ಲಿ ಒಂದು ಬೆರಳು ಮಾತ್ರ ಬೆಳ್ಳಗೆ, ಚರ್ಮ ಸುಲಿದು ಕೆಂಪಗೆ. ಕೆಲವರದ್ದರಲ್ಲಿ ರಕ್ತ ಜಿನುಗುತ್ತಿತ್ತು.

ಮೇಸ್ತ್ರಕ್ಕನ ತಮ್ಮ ದೊಡ್ಡಪ್ಪನ ಮುಂದೆಯೇ ಇದ್ದ. ತಿರುಗಿ ಉಳಿದ ಒಂದು ಕಣ್ಣಿನಲ್ಲಿ ನೋಡಿದ.

"ನಿನ್ನ ಹೆಸರು ಪಟ್ಟೀಲಿದೆಯಾ?"

"ಇದೆ."

"ಯಾರು ನೋಡಿ ಬರೆದದ್ದು?"

"ನಾನೇ" ಎಂದರು ದೊಡ್ಡಪ್ಪ.

ಅವನು ದೊಡ್ಡಪ್ಪನ ಕೆನ್ನೆಗೆ ಹೊಡೆದ. ಶಬ್ದ ಗೇಟಿನವರೆಗೆ ಕೇಳಿಸಿತು. ಪೊಲೀಸರು ಲಾಠಿ ಎತ್ತಿಕೊಂಡು ಓಡಿಬಂದರು. ದೊಡ್ಡಪ್ಪ ಪ್ಲಾಸ್ಟರ್ ಕೈಯನ್ನು ಅಡ್ಡ ಹಿಡಿದರು.

"ಏನೂ ಆಗಿಲ್ಲ ಸಾರ್. ಇವರ ಹೆಸರು ಪಟ್ಟೀಲಿದೆ. ಒಳಗೆ ಬಿಡಿ."

ಪೊಲೀಸರು ಒಮ್ಮೆ ಇವರನ್ನೂ ಒಮ್ಮೆ ಅವನನ್ನೂ ನೋಡಿ ಲಾಠಿ ಇಳಿಸಿದರು. ತಮ್ಮ ತನ್ನ ಬೆಳ್ಳಗಿನ ಬೆರಳನ್ನು ನೆಟ್ಟಗೆ ಹಿಡಿದುಕೊಂಡು ಒಳಗೆ ಹೋದ. ದೊಡ್ಡಪ್ಪ ಅವನ ಜಾಗಕ್ಕೆ ಒಂದು ಹೆಜ್ಜೆ ಮುಂದೆ ಬಂದು ನಿಂತರು.